ಲ್ಯಾಪ್‌ಟಾಪ್ ಬೆಲೆ ಎಷ್ಟು ದಿನದ ದುಡಿಮೆ?

"ಗಲ್ಫ್‌ನಲ್ಲಿ ಲ್ಯಾಪ್‌ಟಾಪ್ ಅಗ್ಗ ಅಂತೆ, ಬರುವಾಗ ಒಂದು ತಗೊಂಡು ಬಾ." ಊರಿಂದ ಬರೋ ಈ ಮಾತು ನಮಗೆಲ್ಲ ಗೊತ್ತು. ನಿಜಕ್ಕೂ ಅಗ್ಗನಾ? ದುಡಿದ ದಿನಗಳ ಲೆಕ್ಕದಲ್ಲಿ ನೋಡೋಣ.

500 ಡಾಲರ್‌ನ ಒಂದು ಸಾಧಾರಣ ಲ್ಯಾಪ್‌ಟಾಪ್ ಎಂದುಕೊಳ್ಳಿ. ಅಮೆರಿಕದ ಫೆಡರಲ್ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, ಅಲ್ಲಿ 9 ದಿನ ದುಡಿದರೆ ಸಾಕು. ಕತಾರ್‌ನಲ್ಲಿ ಅದೇ ಬೆಲೆ 1,820 ರಿಯಾಲ್. 2021ರಲ್ಲಿ ಜಾರಿಗೆ ಬಂದ ಕನಿಷ್ಠ ಮೂಲ ವೇತನ ತಿಂಗಳಿಗೆ 1,000 ರಿಯಾಲ್. ಅಂದರೆ ವಾರದ ರಜೆ ಬಿಟ್ಟು ಸುಮಾರು 47 ದಿನದ ದುಡಿಮೆ. ಊರಲ್ಲಿ? 40 ಸಾವಿರ ರೂಪಾಯಿ ಎಂದೇ ಹಿಡಿದರೂ, ಕರ್ನಾಟಕದ 2025-26ರ ನರೇಗಾ ಕೂಲಿ 370 ರೂಪಾಯಿಯಂತೆ 108 ದಿನ. ಆ ಯೋಜನೆ ಒಂದು ಮನೆಗೆ ಖಾತ್ರಿ ಕೊಟ್ಟಿದ್ದೇ ವರ್ಷಕ್ಕೆ 100 ದಿನ!

ಚಿಪ್, ಸ್ಕ್ರೀನ್‌ಗಳ ವ್ಯಾಪಾರ ನಡೆಯೋದು ಡಾಲರ್‌ನಲ್ಲಿ. ಕೂಲಿ ಮಾತ್ರ ಆಯಾ ದೇಶದ್ದು. ಹಾಗಾಗಿ ಕಡಿಮೆ ಸಂಬಳದವರಿಗೇ ಕಂಪ್ಯೂಟರ್ ಹೆಚ್ಚು ದುಬಾರಿ.

ಮಕ್ಕಳ ಓದಿಗೆ ಅದು ಬೇಕೇ ಬೇಕು. 18 ವರ್ಷ ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಕಸ್ಟಮ್ಸ್ ಸುಂಕವಿಲ್ಲದೆ ಊರಿಗೆ ತರಬಹುದು. ಆದರೆ ಕೊಳ್ಳುವ ಮೊದಲು ವಾರಂಟಿ ಭಾರತದಲ್ಲೂ ನಡೆಯುತ್ತಾ ಎಂದು ಕೇಳಿ. 47 ದಿನದ ದುಡಿಮೆ ರಿಪೇರಿ ಅಂಗಡಿಯಲ್ಲಿ ಕೂರಬಾರದು.