ಬಾನೆಟ್ ಕೆಳಗಿನ ತಲೆನೋವು

ಸೋಮವಾರ ಬಂತೆಂದರೆ ಆ ತಾಯಿ ನನ್ನ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತಿರುತ್ತಿದ್ದರು. ವಯಸ್ಸು ಐವತ್ತೈದರ ಆಸುಪಾಸು. ಪ್ರತಿ ಭಾನುವಾರ ಮಗನ ಕಾರಿನಲ್ಲಿ ಎರಡು ಗಂಟೆ ದೂರದ ತವರಿಗೆ ಹೋಗಿ, ಹಾಸಿಗೆ ಹಿಡಿದ ತಮ್ಮ ತಾಯಿಯನ್ನು ನೋಡಿಕೊಂಡು ರಾತ್ರಿ ಹಿಂತಿರುಗುತ್ತಿದ್ದರು. ಮನೆ ತಲುಪುವ ಹೊತ್ತಿಗೆ ಹಣೆ ಬಿಗಿದು ಹಿಡಿದಂಥ ನೋವು, ಹೊಟ್ಟೆ ತೊಳಸುವಿಕೆ, ಕಾಲಿನಲ್ಲಿ ಬಲವಿಲ್ಲ. ಸೋಮವಾರ ನನ್ನೆದುರು ಕೂರುವಾಗ ಅರ್ಧ ಇಳಿದಿರುತ್ತಿತ್ತು. ಜ್ವರವಿಲ್ಲ, ರಕ್ತದೊತ್ತಡ ಸರಿಯಾಗಿದೆ. ನಾನು ಮೊದಲ ಸಲ ಪ್ಯಾರಾಸಿಟಮಾಲ್ ಬರೆದುಕೊಟ್ಟೆ. ಎರಡನೆಯ ಸಲ ಪ್ರಯಾಣದ ವಾಂತಿಗೆ ಕೊಡುವ ಮಾತ್ರೆ ಬರೆದೆ, ಕಣ್ಣಿನ ವೈದ್ಯರ ಬಳಿಗೂ ಕಳಿಸಿದೆ. ವಯಸ್ಸಾದ ತಾಯಿಯ ಚಿಂತೆ ಇರಬಹುದು ಎಂದು ಸಮಾಧಾನವನ್ನೂ ಹೇಳಿದೆ.

ಮೂರನೆಯ ಸಲ ಅವರೇ ಒಂದು ಮಾತು ಹೇಳಿದರು. "ಡಾಕ್ಟ್ರೇ, ಹೋದ ವಾರ ಕಾರು ಇರಲಿಲ್ಲ, ಬಸ್ಸಲ್ಲಿ ಹೋಗಿದ್ದೆ. ಏನೂ ಆಗ್ಲಿಲ್ಲ ನೋಡಿ."

ಪ್ರಯಾಣದ ಕಾಯಿಲೆ ಇರುವವರಿಗೆ ನಮ್ಮ ಬಸ್ಸಿನ ಕುಲುಕಾಟದಲ್ಲಿ ಸುಖವಾಗಿ, ಮಗ ಓಡಿಸುವ ಕಾರಿನಲ್ಲಿ ಮಾತ್ರ ತೊಂದರೆಯಾಗುವುದು ಅಪರೂಪ. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಆಗ ಕೇಳಿದೆ: "ಅಮ್ಮಾ, ಕಾರಲ್ಲಿ ನಿಮ್ಮ ಜೊತೆ ಬರೋ ಬೇರೆಯವರಿಗೆ ಏನಾದ್ರೂ ಆಗುತ್ತಾ?" ಹಿಂದಿನ ಸೀಟಿನಲ್ಲಿ ಕೂರುವ ಮೂರು ವರ್ಷದ ಮೊಮ್ಮಗಳು ಎಬ್ಬಿಸಿದರೂ ಏಳದ ಹಾಗೆ ನಿದ್ದೆ ಹೋಗುತ್ತಾಳೆ, ಎದ್ದರೆ ವಾಂತಿ ಮಾಡುತ್ತಾಳೆ. ಸೊಸೆಗೂ ತಲೆಭಾರ. ಮಗನಿಗೆ ಮಾತ್ರ ಏನಿಲ್ಲ, ಏಕೆಂದರೆ ಅವನು ಗಾಜು ಇಳಿಸಿ ಮೊಣಕೈ ಹೊರಗಿಟ್ಟುಕೊಂಡೇ ಓಡಿಸುವವನು.

ಮಗನನ್ನು ಕರೆಸಿದೆ. "ಏನಪ್ಪಾ, ಇತ್ತೀಚೆಗೆ ಕಾರಿಗೆ ಏನಾದ್ರೂ ಮಾಡಿಸಿದ್ಯಾ?" ಹುಡುಗ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ. ಎರಡು ತಿಂಗಳ ಹಿಂದೆ ಎಂಜಿನ್ನಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿಚ್ಚಿಸಿ ಹೊರಗಿನ ತಯಾರಿಕೆಯ ಸ್ಟೀಲ್ ಪೈಪಿನ ಹೆಡರ್ ಹಾಕಿಸಿದ್ದ. ಪಿಕಪ್ ಚೆನ್ನಾಗಿ ಬರುತ್ತದೆ, ಶಬ್ದವೂ ಗತ್ತಾಗಿರುತ್ತದೆ ಎಂದು ಸ್ನೇಹಿತರು ಹೇಳಿದ್ದರಂತೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಎಂದು ಸದ್ದು ಬರುತ್ತದೆ, ಬಿಸಿಯಾದ ಮೇಲೆ ಕಡಿಮೆಯಾಗುತ್ತದೆ ಎಂದೂ ಸೇರಿಸಿದ. ಅವನಿಗೆ ಅದೊಂದು ಸಣ್ಣ ಕಿರಿಕಿರಿ. ನನಗೆ ಕೈಕಾಲು ತಣ್ಣಗಾಯಿತು.

ಕಾರಿನ ಈ ಭಾಗವನ್ನು ನೋಡದವರಿಗಾಗಿ ಎರಡು ಮಾತು. ಎಂಜಿನ್ನಿನ ಒಂದೊಂದು ಸಿಲಿಂಡರಿನಿಂದಲೂ ಉರಿದ ಹೊಗೆ ಹೊರಬರುವ ಬಾಯಿಗಳಿರುತ್ತವೆ. ಆ ಬಾಯಿಗಳಿಂದ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರ್ ಕಡೆಗೆ ಕಳಿಸುವ ಕವಲು ಕೊಳವೆಯೇ ಮ್ಯಾನಿಫೋಲ್ಡ್. ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಇದು ಎರಕದ ಕಬ್ಬಿಣದ ದಪ್ಪ ತುಂಡು. ಎಂಜಿನ್ ಹೆಡ್ಡಿಗೂ ಅದಕ್ಕೂ ನಡುವೆ ಒಂದು ತೆಳು ಗ್ಯಾಸ್ಕೆಟ್, ಬಿಗಿಯಲು ಕೆಲವು ಸ್ಟಡ್‌ಗಳು. ಆ ಗ್ಯಾಸ್ಕೆಟ್ ಸರಿಯಾಗಿ ಕೂರದಿದ್ದರೆ, ಹೊಸ ಪೈಪಿನ ಪಟ್ಟಿ ಸಮತಟ್ಟಾಗಿಲ್ಲದಿದ್ದರೆ, ಒಂದು ನಟ್ ಸಡಿಲವಾದರೆ ಸಾಕು. ಹಿಂಬದಿಯ ಪೈಪಿನ ತುದಿಯಲ್ಲಿ ಹೊರಬೀಳಬೇಕಾದ ಹೊಗೆ ಬಾನೆಟ್ಟಿನೊಳಗೇ ಸೋರುತ್ತದೆ. ಗಾಡಿ ವೇಗವಾಗಿ ಓಡುವಾಗ ಅದರಲ್ಲಿ ಬಹುಪಾಲು ಕೆಳಗಿನಿಂದ ಕೊಚ್ಚಿಹೋಗುತ್ತದೆ. ಸಿಗ್ನಲ್ಲಿನಲ್ಲೋ, ಘಾಟಿಯಲ್ಲಿ ಲಾರಿ ಕೆಟ್ಟು ಸಾಲು ನಿಂತಾಗಲೋ ಅಲ್ಲೇ ಮಡುಗಟ್ಟುತ್ತದೆ. ಕಾರಿನೊಳಕ್ಕೆ ಹೊರಗಾಳಿ ಎಳೆದುಕೊಳ್ಳುವ ಕಿಂಡಿ ಮುಂದಿನ ಗಾಜಿನ ಬುಡದಲ್ಲಿ, ಬಾನೆಟ್ಟಿನ ಹಿಂತುದಿಗೆ ತಾಗಿಕೊಂಡೇ ಇರುತ್ತದೆ. ಎಂಜಿನ್ನಿಗೂ ನಮ್ಮ ಕಾಲಿಗೂ ನಡುವಿನ ತಗಡಿನಲ್ಲಿ ವೈರು, ಕೇಬಲ್ಲು ಹಾಯುವ ತೂತುಗಳ ರಬ್ಬರು ಹಳೆಯ ಕಾರುಗಳಲ್ಲಿ ಬಿರಿದಿರುತ್ತದೆ. ಚಿಕ್ಕ ಕಾರಿನ ಒಳಗಿನ ಗಾಳಿಯೇ ಅಷ್ಟಿಷ್ಟು. ಅದು ಕೆಡಲು ಹೆಚ್ಚು ಹೊತ್ತು ಬೇಕಿಲ್ಲ.

ಆ ಹೊಗೆಯಲ್ಲಿರುವ ಕೊಲೆಗಾರ ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ಉಸಿರಾಡಿದ ಆಮ್ಲಜನಕವನ್ನು ಹೊತ್ತೊಯ್ಯುವ ಹೀಮೋಗ್ಲೋಬಿನ್ ಇದನ್ನು ಕಂಡರೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಒಲವಿನಿಂದ ಅಂಟಿಕೊಳ್ಳುತ್ತದೆ. ಎದೆಯ ತುಂಬ ಗಾಳಿ ಇದ್ದೂ ಮಿದುಳು, ಹೃದಯ ಉಪವಾಸ ಬೀಳುತ್ತವೆ. 1890ರ ದಶಕದಲ್ಲಿ ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್ ಎಂಬ ವಿಜ್ಞಾನಿ ತಾವೇ ಈ ಅನಿಲವನ್ನು ಉಸಿರಾಡಿ ಅದರ ಪರಿಣಾಮವನ್ನು ಬರೆದಿಟ್ಟರು. ಕಲ್ಲಿದ್ದಲ ಗಣಿಗಳಿಗೆ ಪುಟ್ಟ ಕ್ಯಾನರಿ ಹಕ್ಕಿಗಳನ್ನು ಕೊಂಡೊಯ್ಯುವ ಸಲಹೆಯೂ ಅವರದೇ. ಮನುಷ್ಯನಿಗಿಂತ ಮೊದಲು ಹಕ್ಕಿ ಕುಸಿಯುತ್ತದೆ, ಅದೇ ಎಚ್ಚರಿಕೆ. ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ನಾವು ಮಕ್ಕಳನ್ನು ಕೂರಿಸುತ್ತೇವೆ. ಮಗುವಿನ ಉಸಿರಾಟ ಚುರುಕು, ಹಾಗಾಗಿ ವಿಷ ಬೇಗ ಏರುತ್ತದೆ. ಗರ್ಭಿಣಿಯ ಹೊಟ್ಟೆಯಲ್ಲಿರುವ ಮಗುವಿನ ರಕ್ತದಿಂದ ಅದು ಇಳಿಯುವುದೂ ನಿಧಾನ. ಹೃದಯದ ಕಾಯಿಲೆ ಇರುವ ಹಿರಿಯರಿಗೆ ಸ್ವಲ್ಪ ಏರಿದರೂ ಎದೆನೋವು ಬರಬಹುದು.

ಪ್ರಮಾಣದ ಲೆಕ್ಕ ಕೇಳಿ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಇದು 200 ಭಾಗದಷ್ಟಿದ್ದರೆ ಎರಡು ಮೂರು ಗಂಟೆಗಳಲ್ಲಿ ತಲೆನೋವು ಶುರುವಾಗುತ್ತದೆ. ನಮ್ಮಲ್ಲಿ ಹೊಗೆ ತಪಾಸಣೆಯಲ್ಲಿ ತೀರಾ ಹಳೆಯ ಪೆಟ್ರೋಲ್ ಕಾರುಗಳಿಗೆ ಇಟ್ಟಿರುವ ಮಿತಿ ಶೇಕಡಾ 3, ಅಂದರೆ ಹತ್ತು ಲಕ್ಷಕ್ಕೆ 30,000 ಭಾಗ. ತಪಾಸಣೆಯಲ್ಲಿ ಪಾಸಾದ ಕಾರಿನ ಹೊಗೆಯ ಸ್ವಲ್ಪ ಪಾಲು ಒಳಬಂದರೂ ಏನಾದೀತು ಎಂದು ಓದುಗರೇ ಊಹಿಸಬಹುದು. ಬಿಎಸ್-4ರಿಂದ ಈಚೆಗಿನ ಕಾರುಗಳಿಗೆ ಈ ಮಿತಿ ಶೇಕಡಾ 0.3. ಇಷ್ಟು ಇಳಿದದ್ದರಲ್ಲಿ ದೊಡ್ಡ ಪಾಲು ಕ್ಯಾಟಲಿಟಿಕ್ ಕನ್ವರ್ಟರಿನದು. ಅದು ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡನ್ನು ಕಾರ್ಬನ್ ಡೈಆಕ್ಸೈಡ್ ಮಾಡಿ ಬಿಡುತ್ತದೆ. ಈಗಿನ ಅನೇಕ ಚಿಕ್ಕ ಕಾರುಗಳಲ್ಲಿ ಈ ಕನ್ವರ್ಟರ್ ಮ್ಯಾನಿಫೋಲ್ಡಿಗೆ ಅಂಟಿಕೊಂಡೇ, ಕೆಲವದರಲ್ಲಿ ಒಂದೇ ತುಂಡಾಗಿ ಇರುತ್ತದೆ. ಅಂಥ ಕಾರಿಗೆ ಹೆಡರ್ ಹಾಕಿದರೆ ಕನ್ವರ್ಟರ್ ಗುಜರಿಗೆ ಹೋಯಿತೆಂದೇ ಲೆಕ್ಕ. ಇನ್ನೊಂದು ಚೋದ್ಯವಿದೆ. ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅಳೆಯುವ ಸೆನ್ಸರಿಗಿಂತ ಮುಂಚೆ ಜೋಡಣೆ ಸೋರಿದರೆ ಹೊರಗಾಳಿಯೂ ಒಳಸೇರುತ್ತದೆ. ಗಾಳಿ ಹೆಚ್ಚಾಯಿತೆಂದು ಭ್ರಮಿಸಿದ ಎಂಜಿನ್ ಕಂಪ್ಯೂಟರ್ ಪೆಟ್ರೋಲನ್ನು ಇನ್ನಷ್ಟು ಸುರಿಯುತ್ತದೆ. ಮೈಲೇಜು ಇಳಿಯುತ್ತದೆ, ವಿಷ ಏರುತ್ತದೆ.

ಇಷ್ಟಕ್ಕೂ ಸಿಗುವ ಲಾಭವೇನು? ನಲವತ್ತು ಅಶ್ವಶಕ್ತಿಯ ಆಸುಪಾಸಿನ ಎಂಜಿನ್ನಿಗೆ ಬೇರೇನೂ ಬದಲಿಸದೆ ಬರೀ ಹೆಡರ್ ಹಾಕಿದರೆ ಬರುವ ಹೆಚ್ಚಳ ಅತ್ಯಲ್ಪ. ರೇಸಿಗೆ ಓಡಿಸುವವರ ಮಾತು ಬೇರೆ. ಅವರು ತಲೆಗೆ ಹೆಲ್ಮೆಟ್ ಹಾಕುತ್ತಾರೆ, ಹಿಂದಿನ ಸೀಟಿನಲ್ಲಿ ಅಜ್ಜಿಯನ್ನು ಕೂರಿಸಿಕೊಳ್ಳುವುದಿಲ್ಲ. ಮನೆಮಂದಿಯೆಲ್ಲ ಕೂರುವ ಚಿಕ್ಕ ಕಾರಿಗೆ ಶೋಕಿಗಾಗಿ ಈ ಕೆಲಸ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾನೂನೂ ಇದರ ಪರವಾಗಿಲ್ಲ. ಶಬ್ದ ಮತ್ತು ಹೊಗೆಯ ಮಿತಿ ಮೀರಿದ ವಾಹನ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಮೊದಲ ತಪ್ಪಿಗೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಇರಬಹುದು.

ಹಳೆಯ ಮ್ಯಾನಿಫೋಲ್ಡ್ ಬಿರುಕು ಬಿಟ್ಟು, ತಯಾರಿಕೆ ನಿಂತ ಮಾದರಿಯಾದ್ದರಿಂದ ಅಸಲಿ ಭಾಗ ಸಿಗದೆ ಹೊರಗಿನದನ್ನು ಹಾಕಿಸುವವರಿದ್ದಾರೆ. ಅವರನ್ನು ನಾನು ದೂರುವುದಿಲ್ಲ, ಬಿರುಕು ಬಿಟ್ಟದ್ದನ್ನು ಹಾಗೇ ಬಿಡುವುದು ಇನ್ನೂ ಅಪಾಯ. ಆದರೆ ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ. ಹಳೆಯ ಗ್ಯಾಸ್ಕೆಟ್ಟನ್ನೇ ಒರೆಸಿ ಹಾಕಲು ಬಿಡಬೇಡಿ. ಪೈಪಿನ ಪಟ್ಟಿಯ ಮೇಲೆ ನೇರವಾದ ಉಕ್ಕಿನ ಅಳತೆಪಟ್ಟಿ ಇಟ್ಟು ಸಂದು ಕಾಣುತ್ತದೆಯೇ ಎಂದು ನೋಡಿಸಿ. ನಟ್‌ಗಳನ್ನು ಕೈಯಂದಾಜಿಗೆ ಬಿಡದೆ ಟಾರ್ಕ್ ರೆಂಚಿನಲ್ಲಿ ಬಿಗಿಸಿ. ಕೆಲವು ದಿನ ಓಡಿ ಬಿಸಿಯಾಗಿ ತಣಿದ ಮೇಲೆ ಮತ್ತೊಮ್ಮೆ ತಪಾಸಣೆ ಮಾಡಿಸಿ. ಕನ್ವರ್ಟರ್, ಸೆನ್ಸರ್, ಶಾಖ ತಡೆಯುವ ತಗಡು ಇವೆಲ್ಲ ಇದ್ದ ಜಾಗದಲ್ಲೇ ವಾಪಸು ಬರಬೇಕು. ಆಮೇಲೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು ಬಂದರೆ, ಜೋಡಣೆಯ ಅಂಚಿನಲ್ಲಿ ಕಪ್ಪು ಮಸಿ ಕಂಡರೆ, ಅದು ಸೋರಿಕೆ. "ಸೆಟ್ ಆಗುತ್ತೆ ಬಿಡಿ ಸಾರ್" ಎಂಬ ಮಾತಿಗೆ ಮರುಳಾಗಬೇಡಿ. ಬೆರಳಿಟ್ಟು ನೋಡಲೂ ಹೋಗಬೇಡಿ, ಚರ್ಮ ಸುಟ್ಟೀತು.

ಆ ಹುಡುಗ ಮಾರನೆಯ ದಿನವೇ ಬೇರೊಬ್ಬ ಮೆಕ್ಯಾನಿಕ್ ಬಳಿ ಕಾರು ಒಯ್ದ. ನಾಲ್ಕು ನಟ್ಟುಗಳಲ್ಲಿ ಒಂದು ಕೈಯಲ್ಲೇ ತಿರುಗುತ್ತಿತ್ತಂತೆ, ಗ್ಯಾಸ್ಕೆಟ್ಟಿನ ಒಂದು ಮೂಲೆ ಸುಟ್ಟು ಹೋಗಿತ್ತಂತೆ. ಹಳೆಯ ಕಬ್ಬಿಣದ ಮ್ಯಾನಿಫೋಲ್ಡ್ ಪುಣ್ಯಕ್ಕೆ ಮನೆಯ ಅಟ್ಟದ ಮೇಲಿತ್ತು. ಅದನ್ನೇ ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದರು. ತಾಯಿಯ ಸೋಮವಾರದ ತಲೆನೋವು ನಿಂತಿತು. ರಕ್ತಪರೀಕ್ಷೆಯಿಂದ ಸಾಬೀತು ಮಾಡಿದ ರೋಗವಲ್ಲ ಇದು ಎಂಬುದನ್ನು ಒಪ್ಪುತ್ತೇನೆ. ಶುದ್ಧ ಗಾಳಿಯಲ್ಲಿ ನಾಲ್ಕೈದು ಗಂಟೆಗೊಮ್ಮೆ ಈ ವಿಷ ಅರ್ಧಕ್ಕಿಳಿಯುತ್ತದೆ. ಭಾನುವಾರ ರಾತ್ರಿ ಸಿಗಬೇಕಾದ ಸಾಕ್ಷಿ ಸೋಮವಾರ ನನಗೆ ಸಿಗುವಂತಿರಲಿಲ್ಲ. ಆ ಎರಡು ತಿಂಗಳು ಮಗುವಿನ ತಲೆಯೊಳಗೆ ಏನೇನಾಯಿತೋ ಎಂಬ ಯೋಚನೆ ನನಗೆ ಈಗಲೂ ಬರುವುದುಂಟು. ಅವಳು ಆಟವಾಡಿಕೊಂಡು ಚೆನ್ನಾಗಿದ್ದಾಳೆ.

ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಇಲ್ಲಿ ನಂಬಬೇಡಿ. ವಿಷ ಅಂಟಿದ ಹೀಮೋಗ್ಲೋಬಿನನ್ನೂ ಅದು ಆಮ್ಲಜನಕ ತುಂಬಿದ್ದೆಂದೇ ಓದಿ 98 ಎಂದು ತೋರಿಸಬಲ್ಲದು. ಕಾರಿನಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ತಲೆನೋವು, ಮಂಪರು, ವಾಂತಿ ಬಂದರೆ ಎಸಿ ಹೆಚ್ಚಿಸಬೇಡಿ, ಅದು ಈ ಅನಿಲವನ್ನು ಸೋಸುವುದಿಲ್ಲ. ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರೂ ಕೆಳಗಿಳಿದು ದೂರ ನಿಲ್ಲಿ. ಎಚ್ಚರ ತಪ್ಪಿದವರನ್ನು ಬಯಲಿಗೆ ತಂದು ಮಲಗಿಸಿ 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ಮಾಸ್ಕಿನ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ವಿಷ ಅರ್ಧಕ್ಕಿಳಿಯಲು ಸುಮಾರು ಒಂದು, ಒಂದೂವರೆ ಗಂಟೆ ಸಾಕು. ಆದರೆ ವೈದ್ಯರಿಗೆ ಹೊಳೆಯಲಿ ಎಂದು ಕಾಯಬೇಡಿ, ನನಗೇ ಹೊಳೆಯಲು ಮೂರು ಸೋಮವಾರ ಬೇಕಾಯಿತು. ಕಾರಿನಿಂದ ಇಳಿದು ಬಂದೆವು, ಹೊಗೆ ಸೋರುತ್ತಿರಬಹುದು, ಸೈಲೆನ್ಸರ್ ಕಡೆ ಇತ್ತೀಚೆಗೆ ಕೆಲಸ ಮಾಡಿಸಿದ್ದೆವು ಎಂದು ನೀವೇ ಮೊದಲು ಹೇಳಿ.