ನೆಟ್ಟ ಹಲ್ಲಿಗೂ ಆರೈಕೆ ಬೇಕು



ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ನಮ್ಮಂಥ ಬೆಳೆಗಾರರಿಗೆ ಒಪ್ಪುವಷ್ಟು ಬೇರೆಯವರಿಗೆ ಒಪ್ಪಲಿಕ್ಕಿಲ್ಲ. ಅಡಿಕೆಗೂ ಕಾಫಿಗೂ ಬೆಲೆ ಬಂದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ನಮ್ಮಲ್ಲಿ ಅನೇಕರಿಗೆ ದವಡೆ ಹಲ್ಲು ಒಂದೆರಡಾದರೂ ಹೋಗಿರುತ್ತದೆ. ಇತ್ತೀಚೆಗೆ ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರದ ಸಾಲ, ಪಂಪ್‌ಸೆಟ್ ಸಾಲಗಳ ಜೊತೆಗೆ "ಹಲ್ಲು ಕೂರಿಸಿಕೊಳ್ಳಲು ಸಾಲ ಸಿಕ್ಕೀತೇ?" ಎಂದೂ ಕೇಳತೊಡಗಿದ್ದಾರೆ. ಆದುದರಿಂದ ಇಂಪ್ಲಾಂಟ್ ಎಂಬ ಈ ಚಿಕಿತ್ಸೆಯ ಬಗ್ಗೆ ನಾಲ್ಕು ಮಾತು ಬರೆಯುವುದು ಯುಕ್ತವೆಂದು ಭಾವಿಸಿದ್ದೇವೆ. ನಾವು ದಂತವೈದ್ಯರಲ್ಲ, ಹಲ್ಲು ಕೂರಿಸಿಕೊಂಡು ಎಂಟು ವರ್ಷ ಕಳೆದವರು ಮಾತ್ರ.

ಮೊದಲಿಗೆ, ಈ ಚಿಕಿತ್ಸೆಯನ್ನು ಹೊಸ ಫ್ಯಾಷನ್ ಎಂದು ತಳ್ಳಿಹಾಕುವಂತಿಲ್ಲ. ಟೈಟೇನಿಯಂ ಲೋಹವು ಎಲುಬಿನೊಡನೆ ಗಟ್ಟಿಯಾಗಿ ಬೆಸೆದುಕೊಳ್ಳುತ್ತದೆಂಬುದನ್ನು ಕಂಡುಕೊಂಡವರು ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ಪ್ರೊಫೆಸರರು. 1965ರಲ್ಲಿ ಅವರು ಮೊದಲ ರೋಗಿಯ ದವಡೆಯಲ್ಲಿ ಈ ಲೋಹದ ಬೇರುಗಳನ್ನು ಕೂರಿಸಿದರು. ಆ ರೋಗಿ 2006ರಲ್ಲಿ ತೀರಿಕೊಳ್ಳುವ ತನಕ, ಅಂದರೆ ನಾಲ್ಕು ದಶಕಗಳ ಕಾಲ, ಅವು ಕೆಲಸ ಮಾಡಿದವು.

ಒಂಟಿ ಹಲ್ಲಿನ ಇಂಪ್ಲಾಂಟುಗಳ ಮೇಲೆ ನಡೆದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ಲೆಕ್ಕವೂ ಆಶಾದಾಯಕವಾಗಿಯೇ ಇದೆ. ಮುಂದಿನ ಹಲ್ಲು, ಹಿಂದಿನ ಹಲ್ಲು ಎರಡನ್ನೂ ಸೇರಿಸಿದ ಲೆಕ್ಕವಿದು. ಹತ್ತು ವರ್ಷ ಕಳೆದ ಮೇಲೆ ನೂರರಲ್ಲಿ ಸುಮಾರು 95 ಬೇರುಗಳು ಉಳಿದಿದ್ದವು. ಮೇಲೆ ಕೂರಿಸಿದ ಕ್ರೌನುಗಳು ಮಾತ್ರ ಸುಮಾರು 89 ಉಳಿದಿದ್ದವು. ಅಂದರೆ ಬೇರಿಗಿಂತ ಮೊದಲು ಸೋಲುವುದು ಮೇಲಿನ ಭಾಗ. ಮೊದಲ ಐದು ವರ್ಷದೊಳಗೇ ನೂರರಲ್ಲಿ ಸುಮಾರು ಒಂಬತ್ತು ಜನರಿಗೆ ಸ್ಕ್ರೂ ಸಡಿಲವಾಗಿತ್ತು. "ಒಮ್ಮೆ ಹಾಕಿಸಿದರೆ ಜೀವಮಾನಪೂರ್ತಿ ಚಿಂತೆಯಿಲ್ಲ" ಎಂದು ಹೇಳುವವರು ಈ ಎರಡನೆಯ ಲೆಕ್ಕವನ್ನು ಹೇಳುವುದಿಲ್ಲ.

ಸಡಿಲವಾದವರ ಪಟ್ಟಿಯಲ್ಲಿ ನಾವೂ ಒಬ್ಬರು. ಕೆಳದವಡೆಯ ಬಲಗಡೆ ಕೂರಿಸಿದ ಹಲ್ಲು ನಾಲ್ಕನೆಯ ವರ್ಷ, ಕಾಫಿ ಕೊಯ್ಲಿನ ನಡುವೆ, ಅಲ್ಲಾಡತೊಡಗಿತು. ಹಾಕಿದ ದವಾಖಾನೆ ಅಷ್ಟರಲ್ಲಿ ಮುಚ್ಚಿಹೋಗಿತ್ತು. ಬೇರೆ ವೈದ್ಯರು ನೋಡಿ, "ಇದು ಯಾವ ಕಂಪನಿಯದು, ಯಾವ ಅಳತೆಯದು?" ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿರಲಿಲ್ಲ. ಒಂದು ಕಂಪನಿಯ ಸ್ಕ್ರೂ ಇನ್ನೊಂದಕ್ಕೆ ಸಾಮಾನ್ಯವಾಗಿ ಹೊಂದುವುದಿಲ್ಲ. ಒಂದು ಸ್ಕ್ರೂ ಬಿಗಿ ಮಾಡಿಸುವುದಕ್ಕಾಗಿ ಕೊಯ್ಲಿನ ಆಳುಗಳನ್ನು ಬಿಟ್ಟು ಮೂರು ಸಲ ಮಂಗಳೂರಿನ ಬಸ್ಸು ಹತ್ತಿದೆವು. ಪಂಪಿನ ಬಿಲ್ಲನ್ನು ಹತ್ತು ವರ್ಷ ಕಾದಿಡುವ ನಾವು, ಅದಕ್ಕಿಂತ ಹೆಚ್ಚು ಹಣ ಕೊಟ್ಟ ಹಲ್ಲಿನ ಚೀಟಿಯನ್ನು ಕೇಳಿ ಪಡೆದಿರಲಿಲ್ಲ. ತಪ್ಪು ನಮ್ಮದೂ ಹೌದು.

ದವಡೆ ಹಲ್ಲಿನ ಜಾಗದಲ್ಲಿ ಈ ತೊಂದರೆಗೆ ಕಾರಣವಿದೆ. ಅಗಿಯುವ ಭಾರವೆಲ್ಲ ಬೀಳುವುದು ಅಲ್ಲಿಯೇ. ಸ್ವಂತ ಹಲ್ಲಿನ ಬೇರಿಗೂ ಎಲುಬಿಗೂ ನಡುವೆ ತೆಳುವಾದ ನಾರಿನ ಮೆತ್ತೆಯಿರುತ್ತದೆ. ಕಲ್ಲು ಸಿಕ್ಕರೆ ಥಟ್ಟನೆ ತಿಳಿಯುತ್ತದೆ. ನೆಟ್ಟ ಹಲ್ಲಿಗೆ ಆ ಮೆತ್ತೆಯಿಲ್ಲ. ಆದುದರಿಂದ ಗಟ್ಟಿ ಅಡಿಕೆ ಹೋಳನ್ನು ಕಡಿದಾಗ ಪೆಟ್ಟೆಲ್ಲ ಸ್ಕ್ರೂವಿಗೂ ಕ್ರೌನಿಗೂ ಎಲುಬಿಗೂ ನೇರವಾಗಿ ತಾಗುತ್ತದೆ.

ಇನ್ನೊಂದು ಅಪಾಯ ಬುಡದ್ದು. ಸುತ್ತಲಿನ ಒಸಡಿನಲ್ಲಿ ಕೊಳೆ ನಿಂತರೆ ಉರಿಯೂತವಾಗಿ, ಎಲುಬು ನಿಧಾನವಾಗಿ ಕರಗುತ್ತದೆ. ಮೊದಮೊದಲು ನೋವೇ ಇರುವುದಿಲ್ಲ. ಕಾಂಡಕೊರಕ ಹೊಕ್ಕ ಕಾಫಿ ಗಿಡವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೀಡಿ ಸಿಗರೇಟು ಸೇದುವವರಿಗೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯವರಿಗೆ, ಒಸಡು ರೋಗದಿಂದಲೇ ಹಲ್ಲು ಕಳೆದುಕೊಂಡವರಿಗೆ ಈ ಭಯ ಹೆಚ್ಚು.

ಇಲ್ಲಿ ಅಡಿಕೆ ಬೆಳೆಗಾರರಾದ ನಮಗೆ ಹಿತವಲ್ಲದ ಮಾತೊಂದನ್ನು ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಸೇರಿಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಅದರ ಬಗ್ಗೆ ನಮ್ಮಲ್ಲಿ ಅಸಮಾಧಾನವಿರುವುದು ಗೊತ್ತು. ಆದರೆ ವರ್ಷಗಟ್ಟಲೆ ಅಡಿಕೆ ಜಗಿದವರಲ್ಲಿ ಕೆನ್ನೆಯ ಒಳಪದರ ಬಿಗಿದು ಬಾಯಿ ತೆರೆಯಲಾಗದ ಸ್ಥಿತಿ ಬರುವುದು ವೈದ್ಯರು ದಿನವೂ ಕಾಣುವ ಸಂಗತಿ. ಬಾಯಿ ಎರಡು ಬೆರಳಿನಷ್ಟೂ ತೆರೆಯದವರಿಗೆ ಹಿಂದಿನ ಹಲ್ಲು ಕೂರಿಸುವುದು ಬಲು ಕಷ್ಟ. ಬೆಳೆಯ ಮೇಲಿನ ಅಭಿಮಾನಕ್ಕೆ ನಮ್ಮ ದವಡೆಯನ್ನು ಬಲಿಕೊಡುವುದು ಬೇಡ.

ಹಾಗಾದರೆ ಏನು ಮಾಡಬೇಕು? ಉಳಿಸಬಹುದಾದ ಹಲ್ಲನ್ನು ಇಂಪ್ಲಾಂಟಿನ ಆಸೆಗೆ ಕೀಳಿಸಬೇಡಿ. ರೂಟ್ ಕೆನಾಲ್ ಮಾಡಿ ಉಳಿಯುವಂತಿದ್ದರೆ ಅದೇ ಲೇಸು. ಹೋದ ಹಲ್ಲಿನ ಜಾಗವನ್ನು ಸುಮ್ಮನೆ ಬಿಟ್ಟರೆ ಪಕ್ಕದ ಹಲ್ಲು ವಾಲುತ್ತದೆ, ಎದುರಿನದು ಇಳಿದು ಬರುತ್ತದೆ. ಆದ್ದರಿಂದ ಇಂಪ್ಲಾಂಟೋ ಬ್ರಿಡ್ಜೋ ಕಟ್ಟುಹಲ್ಲೋ ಎಂಬುದನ್ನು ವೈದ್ಯರೊಡನೆ ಕೂತು ತೀರ್ಮಾನಿಸಿ. ಇಂಪ್ಲಾಂಟೇ ಎಂದಾದರೆ ಕಂಪನಿಯ ಹೆಸರು, ಅಳತೆ, ದಿನಾಂಕ ಬರೆದ ಚೀಟಿಯನ್ನು ಕೇಳಿ ಪಡೆಯಿರಿ. ಗಿಡ ನೆಟ್ಟ ಮೇಲೆ ತೋಟಕ್ಕೆ ಕಾಲಿಡದವನಿಗೆ ಫಸಲು ಬಂದೀತೇ? ವರ್ಷಕ್ಕೊಮ್ಮೆಯಾದರೂ ತೋರಿಸಿ, ಆ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಸಂಘದ ಮಟ್ಟಿಗೆ ನಮ್ಮ ಸಲಹೆ ಒಂದೇ. ಹಲ್ಲಿನ ಸಾಲ ಬೇಡವೆಂದು ನಾವು ಹೇಳುವುದಿಲ್ಲ. ಅನ್ನ ಅಗಿಯಲಾಗದವನು ತೋಟ ನೋಡಿಕೊಳ್ಳುವುದೆಂತು? ಆದರೆ ಅರ್ಜಿಯೊಡನೆ, ಯಾವ ಚಿಕಿತ್ಸೆ, ಒಟ್ಟು ಖರ್ಚೆಷ್ಟು, ಮುಂದೆ ದುರಸ್ತಿ ಯಾರ ಹೊಣೆ ಎಂಬ ಮೂರು ವಿವರಗಳನ್ನು ವೈದ್ಯರಿಂದ ಬರೆಸಿ ತರುವ ನಿಯಮವಾಗಲಿ. ಬರುವ ಮಹಾಸಭೆಯಲ್ಲಿ ಈ ವಿಷಯವನ್ನು ಮಂಡಿಸಲಿದ್ದೇವೆ. ಒಪ್ಪುವವರೂ ಒಪ್ಪದವರೂ ತಪ್ಪದೆ ಬಂದು ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ವಿನಂತಿ.

— ಕಾರ್ಯದರ್ಶಿ