ಗುಮ್ಮಟ ನೋಡಲು ಹೋದವರ ಊಟ



ಮಕ್ಕಳ ಪರೀಕ್ಷೆಗಳು ಮುಗಿದವೆಂದರೆ ಅಥಣಿ, ಕಾಗವಾಡ, ರಾಯಬಾಗದ ಕಡೆಯ ಅನೇಕ ಕುಟುಂಬಗಳು ವಿಜಯಪುರದ ಹಾದಿ ಹಿಡಿಯುತ್ತವೆ. ತಿಕೋಟಾದ ದ್ರಾಕ್ಷಿ ತೋಟಗಳನ್ನು ದಾಟಿ ಊರು ಸೇರಿದರೆ, 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಾಹನ ಗೋಳಗುಮ್ಮಟ, ಅವನ ತಂದೆಯ ಇಬ್ರಾಹಿಂ ರೋಜಾ, ಮಲಿಕ್-ಎ-ಮೈದಾನ ತೋಪು, ಸಿದ್ಧೇಶ್ವರ ಗುಡಿ, ಜ್ಞಾನಯೋಗಾಶ್ರಮ, ಹೀಗೆ ಒಂದು ದಿನಕ್ಕೆ ಮುಗಿಯದಷ್ಟು ನೋಟಗಳಿವೆ. ಏನೇನು ನೋಡಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳುವ ನಾವು, ಎಲ್ಲಿ ಮತ್ತು ಯಾವ ಹೊತ್ತಿಗೆ ಉಣ್ಣಬೇಕೆಂಬ ವಿಚಾರವನ್ನು ಮಾತ್ರ ಹೊಟ್ಟೆ ಹಸಿದ ಮೇಲೆ ಎತ್ತಿಕೊಳ್ಳುತ್ತೇವೆ.

ಸಂಗಡ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಈ ಅಲಕ್ಷ್ಯವು ಅಪಾಯಕ್ಕೆ ದಾರಿ. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಸಿಕೊಂಡೋ ಗುಳಿಗೆ ನುಂಗಿಯೋ ಹೊರಟ ಅಜ್ಜನವರು, ಒಂದು ಕಪ್ಪು ಚಹದ ಮೇಲೆ ಗುಮ್ಮಟದ ಮೂಲೆಗೋಪುರದ ಏಳು ಅಂತಸ್ತುಗಳ ಮೆಟ್ಟಿಲನ್ನು ಏರುತ್ತಾರೆ. ಪಿಸುಗುಟ್ಟುವ ಮೊಗಸಾಲೆಯಲ್ಲಿ ಮೊಮ್ಮಕ್ಕಳ ಕೂಗು ಮರಳಿ ಮರಳಿ ಕೇಳುತ್ತಿರುವಾಗ ಊಟದ ಹೊತ್ತು ಮೀರಿರುತ್ತದೆ. ಔಷಧಿಯೇನೋ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಹೊಟ್ಟೆಯಲ್ಲಿ ಅನ್ನವಿಲ್ಲ, ಮೇಲೆ ಮೆಟ್ಟಿಲೇರಿದ ದಣಿವು. ರಕ್ತದ ಸಕ್ಕರೆ ತಟ್ಟನೆ ಇಳಿಯುವುದು ಇಂಥ ವೇಳೆಯಲ್ಲಿಯೇ. ಕೈ ನಡುಗುವುದು, ತಣ್ಣನೆಯ ಬೆವರು, ಮಾತು ತಡವರಿಸುವುದು, ಕಾರಣವಿಲ್ಲದೆ ಸಿಟ್ಟಾಗುವುದು ಇದರ ಲಕ್ಷಣಗಳು. ಎಚ್ಚರವಿದ್ದು ನುಂಗಬಲ್ಲವರಿಗೆ ಒಡನೆಯೇ ಮೂರು ಚಹಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, ಕಾಲು ಗಂಟೆ ನೋಡಿ, ಚೇತರಿಸದಿದ್ದರೆ ಮತ್ತೊಮ್ಮೆ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸತಕ್ಕದ್ದು. ಆದುದರಿಂದ ತಾಯಂದಿರ ಚೀಲದಲ್ಲಿ ಸಕ್ಕರೆಯ ಪೊಟ್ಟಣವೂ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಸಣ್ಣ ಬುತ್ತಿಯೂ ಇರಲಿ. ಮೆಟ್ಟಿಲೇರುವ ಮೊದಲು ಹಿರಿಯರು ಅರ್ಧ ರೊಟ್ಟಿಯನ್ನಾದರೂ ತಿನ್ನಲಿ.

ಇನ್ನು ಮಧ್ಯಾಹ್ನದ ಊಟ. ಈ ಸೀಮೆಯ ಪುಣ್ಯವೆಂದರೆ ಇಲ್ಲಿ ಆರೋಗ್ಯದ ಊಟವನ್ನು ಹುಡುಕಿಕೊಂಡು ದೊಡ್ಡ ಹೊಟೇಲಿಗೆ ಹೋಗಬೇಕಾಗಿಲ್ಲ. ಪರಊರಿನಿಂದ ಬಂದ ವಿದ್ಯಾರ್ಥಿಗಳು, ನೌಕರರು, ಕಚೇರಿ-ಪೇಟೆಗೆ ಬಂದವರು ಇವರನ್ನು ನಂಬಿ ಬೆಳೆದ ಖಾನಾವಳಿಗಳು ಇನ್ನೂ ಇವೆ. ಡೋಣಿ ತೀರದ ಕಪ್ಪು ಮಣ್ಣಿನ ಬಿಳಿಜೋಳದ ರೊಟ್ಟಿ, ಹೆಸರು ಅಥವಾ ಮಡಕಿ ಕಾಳಿನ ಪಲ್ಯ, ಪುಂಡಿಪಲ್ಯ, ಝುಣಕ, ಗುರೆಳ್ಳು ಇಲ್ಲವೆ ಅಗಸಿಯ ಚಟ್ನಿ, ಮೊಸರು. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ನಗರದವರು ಹೆಚ್ಚಿನ ಹಣ ತೆತ್ತು ತಿನ್ನುವ ಜೋಳವು ಇಲ್ಲಿ ಬಡವರ ತಟ್ಟೆಯಲ್ಲಿಯೂ ಉಂಟು. ಕಾಳು, ಸೊಪ್ಪು, ನಾರು ಮೂರೂ ಕೂಡಿದ ಈ ತಟ್ಟೆಯನ್ನು ಬಿಟ್ಟು ಪನೀರು, ಮೈದೆಯ ನಾನುಗಳ ಕಡೆಗೆ ಓಡುವುದೇಕೋ ತಿಳಿಯದು.

ಆದರೆ ಎರಡು ಮಾತು ಹೇಳಲೇಬೇಕು. ಜೋಳದ ರೊಟ್ಟಿ ಸಕ್ಕರೆಯನ್ನು ಏರಿಸುವುದೇ ಇಲ್ಲವೆಂಬ ನಂಬಿಕೆ ಸರಿಯಲ್ಲ. ಅದೂ ಪಿಷ್ಟವೇ, ಅಳತೆ ಮೀರಿದರೆ ಏರಿಸಿಯೇ ತೀರುತ್ತದೆ. ಎರಡನೆಯದು, ಪ್ರಸಾದವನ್ನು ಚೆಲ್ಲಬಾರದೆಂಬ ನಮ್ಮ ಸಂಸ್ಕಾರ. ಅದು ಉತ್ತಮ ಸಂಸ್ಕಾರವೇ ಸರಿ. ಆದರೆ ಬೇಕಾದಷ್ಟು ಬಡಿಸುವ ಖಾನಾವಳಿಯಲ್ಲಿ ಅಥವಾ ಮಠದ ಪಂಕ್ತಿಯಲ್ಲಿ, ಬಡಿಸುವವರು ಪ್ರೀತಿಯಿಂದ ಹಾಕಿದ ಸಜ್ಜಕವನ್ನೂ ಹುಗ್ಗಿಯನ್ನೂ ಬಿಡಲಾರದೆ ಉಂಡು ಸಂಜೆಗೆ ಬಳಲುವ ಹಿರಿಯರು ಎಷ್ಟು ಮಂದಿ! ತಟ್ಟೆಗೆ ಬಿದ್ದ ಮೇಲೆ ಸಂಕಟಪಡುವ ಬದಲು ಬಡಿಸುವ ಮೊದಲೇ ಕೈ ಅಡ್ಡ ಹಿಡಿದು, “ಯಪ್ಪಾ, ಒಂದು ಚಮಚ ಸಾಕು” ಎಂದರೆ ಪ್ರಸಾದಕ್ಕೆ ಯಾವ ಅಗೌರವವೂ ಆಗುವುದಿಲ್ಲ.

ಫಲಕದ ಮೇಲೆ ‘ಲಿಂಗಾಯತ ಖಾನಾವಳಿ’ ಎಂದಿದ್ದರೆ ಸಾಕೆಂದು ಕಣ್ಣು ಮುಚ್ಚಿ ಒಳಗೆ ಹೋಗುವವರುಂಟು. ಅದು ಶಾಖಾಹಾರದ ಭರವಸೆಯನ್ನು ಕೊಟ್ಟೀತು, ಶುಚಿಯ ಭರವಸೆಯನ್ನಲ್ಲ. ನೋಡಬೇಕಾದುದು ಒಲೆಯ ಬದಿಯನ್ನು. ರೊಟ್ಟಿ ಬಡಿಯುವ ತಾಯಂದಿರಿಗೆ ಕೈತೊಳೆಯಲು ನೀರು ಹತ್ತಿರವಿದೆಯೆ? ತಟ್ಟೆಗಳನ್ನು ಹರಿಯುವ ನೀರಿನಲ್ಲಿ ತೊಳೆಯುತ್ತಾರೆಯೆ, ಒಂದೇ ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಾರೆಯೆ? 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ಪಡೆಯಬೇಕಾದ 14 ಅಂಕಿಗಳ ಪರವಾನಗಿ ಇಲ್ಲವೆ ನೋಂದಣಿಯ ಪತ್ರವನ್ನು ಕಾಣುವಂತೆ ತೂಗುಹಾಕಿದ್ದಾರೆಯೆ? ರೊಟ್ಟಿಯ ಸಂಗಡ ಕೊಡುವ ಹಸಿ ಮೆಂತ್ಯ, ಹಕ್ಕರಿಕೆ, ಸೌತೆಕಾಯಿಗಳು ಬಹಳ ಒಳ್ಳೆಯವು. ಸರಿಯಾಗಿ ತೊಳೆದಿದ್ದಾರೆಂಬ ನಂಬಿಕೆ ಬಾರದಿದ್ದರೆ ಗರ್ಭಿಣಿಯರೂ ಮಕ್ಕಳೂ ಅವನ್ನು ಬಿಟ್ಟು ಬಿಸಿ ಪಲ್ಯವನ್ನಷ್ಟೇ ಉಣ್ಣಲಿ. ಮಿರ್ಚಿ ಭಜಿಯ ಬಾಣಲೆಯ ಎಣ್ಣೆ ಕಪ್ಪಾಗಿ, ನೊರೆಯೆದ್ದು, ಕಮಟು ಬಡಿಯುತ್ತಿದ್ದರೆ ಮುಂದೆ ನಡೆಯಿರಿ. ಅತಿಯಾಗಿ ಕಾಯಿಸಿದ ಎಣ್ಣೆಯನ್ನು ಬಳಸಬಾರದೆಂದು 2018ರ ಜುಲೈಯಿಂದ ನಿಯಮವೇ ಇದೆ. ಬಿ.ಪಿ. ಇದ್ದವರಿಗೆ ಉಪ್ಪಿನಕಾಯಿ, ಹಪ್ಪಳ ಬೇಡ. ದಿನಕ್ಕೆ ಒಟ್ಟು 5 ಗ್ರಾಮಿಗಿಂತ ಕಡಿಮೆ ಉಪ್ಪೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು.

ಇಷ್ಟೆಲ್ಲ ಕೇಳುವ ನಾವು ಊಟದ ದರದಲ್ಲಿ ಹತ್ತು ರೂಪಾಯಿಗೆ ಚೌಕಾಶಿ ಮಾಡುವುದು ಚೆಂದವಲ್ಲ. ಬೇಸಿಗೆಯ ಉರಿಯಲ್ಲಿ ಹಂಚಿನ ಮುಂದೆ ಕುಳಿತು ರೊಟ್ಟಿ ಬಡಿಯುವುದು ಸಣ್ಣ ಕಾಯಕವೆ?

ನಿಪ್ಪಾಣಿ, ಚಿಕ್ಕೋಡಿಯವರಿಗೆ ವಿಜಯಪುರಕ್ಕಿಂತ ಕೊಲ್ಲಾಪುರ ಹತ್ತಿರ. ಮಹಾಲಕ್ಷ್ಮಿಯ ದರ್ಶನವಾದ ಮೇಲೆ ಮಕ್ಕಳು ಮಿಸಳಿಗೆ ಹಟ ಹಿಡಿಯುತ್ತಾರೆ. ಮಿಸಳಿನ ಅಡಿಯಲ್ಲಿರುವ ಮೊಳಕೆಕಾಳು ಒಳ್ಳೆಯದೇ. ಕೆಡುಕು ಇರುವುದು ಮೇಲೆ ತೇಲುವ ಕೆಂಪೆಣ್ಣೆಯಲ್ಲಿ, ಫರಸಾಣದಲ್ಲಿ, ಮೈದೆಯ ಪಾವಿನಲ್ಲಿ. ಕಟವನ್ನು ಬೇರೆ ಬಟ್ಟಲಿನಲ್ಲಿ ಕೊಡಲು ಹೇಳಿ, ಫರಸಾಣವನ್ನು ಕಡಿಮೆ ಮಾಡಿಸಿ, ಜೊತೆಗೆ ಮೊಸರು ತರಿಸಿಕೊಳ್ಳಬಹುದು. ಹೊಟ್ಟೆಹುಣ್ಣು, ಆಮ್ಲಪಿತ್ತ ಇದ್ದವರು ಮಾತ್ರ ಬುತ್ತಿಯನ್ನೇ ಬಿಚ್ಚಲಿ. ಆ ಬುತ್ತಿಯ ಕಟಕ ರೊಟ್ಟಿ ಮಳೆಗಾಲದಲ್ಲಿಯೂ ಮೆತ್ತಗಾಗದಂತೆ ಇಡುವ ಕ್ರಮವನ್ನು ಬರುವ ಸಂಚಿಕೆಯಲ್ಲಿ ನೋಡೋಣ.